ಅದ್ಭುತ ಕಥೆಗಳ ಓದು: ‘ಕಾದಂಬರಿ’ಯಿಂದ ‘ನಾಗಮಂಡಲ’ದವರೆಗೆ

ಹದಿಹರೆಯದ ಮಕ್ಕಳು ಊಟ ನಿದ್ರೆಗಳನ್ನು ಮರೆತು ಓದುವ ಪುಸ್ತಕಗಳಲ್ಲಿ ಒಂದು ಬಗೆ ಇಂದು ಎದ್ದು ಕಾಣುತ್ತದೆ. ಮಂತ್ರವಿದ್ಯೆ ಕಲಿಸುವ ಶಾಲೆಗಳು, ಮಾತನಾಡುವ ಪ್ರಾಣಿಗಳು, ಸಾವಿಲ್ಲದ ಪ್ರೇಮಿಗಳು, ಮನುಷ್ಯರೂಪ ತಾಳುವ ಅಮಾನುಷ ಜೀವಿಗಳು ಇವುಗಳ ವಸ್ತು. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಜೆ. ಕೆ. ರೋಲಿಂಗ್ ಅವರ ‘ಹ್ಯಾರಿ ಪಾಟರ್’ ಮಾಲೆ, 2005ರಿಂದ 2008ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಮಾಲೆ ಇವುಗಳಲ್ಲಿ ಪ್ರಸಿದ್ಧವಾದವು.

ಮಕ್ಕಳು ಇಂಥ ಪುಸ್ತಕ ಹಿಡಿದು ಕುಳಿತಾಗ ಮನೆಯ ಹಿರಿಯರು ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಇವು ನಮ್ಮ ಕಥೆಗಳಲ್ಲ ಎಂಬುದು ಮೊದಲನೆಯದು. ಇವು ನಿಜವಲ್ಲ, ಆದುದರಿಂದ ಪ್ರಯೋಜನವಿಲ್ಲ ಎಂಬುದು ಎರಡನೆಯದು. ಇವುಗಳಿಂದ ಮಕ್ಕಳು ಕೆಡುತ್ತಾರೆ ಎಂಬುದು ಮೂರನೆಯದು. ಈ ಮೂರೂ ಆಕ್ಷೇಪಗಳನ್ನು ನಮ್ಮ ಸಾಹಿತ್ಯದ ಬೆಳಕಿನಲ್ಲಿ ಪರಿಶೀಲಿಸಿ, ಇಂಥ ಕಥೆಗಳನ್ನು ಸವಿಯುವ ಮತ್ತು ತೂಗಿ ನೋಡುವ ಕ್ರಮವೊಂದನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಹೆಸರಿನಲ್ಲಿಯೇ ಇರುವ ಉತ್ತರ

ಇಂಗ್ಲಿಷಿನ ‘ನಾವೆಲ್’ ಎಂಬ ಸಾಹಿತ್ಯಪ್ರಕಾರಕ್ಕೆ ಭಾರತೀಯ ಭಾಷೆಗಳು ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿವೆ. ತೆಲುಗಿನಲ್ಲಿ ‘ನವಲ’ ಎನ್ನುತ್ತಾರೆ. ಮಲಯಾಳದಲ್ಲಿ ‘ನೋವಲ್’ ಎಂಬ ಮಾತೇ ರೂಢವಾಗಿದೆ. ಹಿಂದಿ, ಬಂಗಾಳಿಗಳಲ್ಲಿ ಅದು ‘ಉಪನ್ಯಾಸ’. ಕನ್ನಡದಲ್ಲಿಯಾದರೋ ಉಪನ್ಯಾಸವೆಂದರೆ ವೇದಿಕೆಯ ಮೇಲಿನ ಭಾಷಣ. ಕನ್ನಡ ಮತ್ತು ಮರಾಠಿಗಳು ಒಂದೇ ಹೆಸರನ್ನು ಆರಿಸಿಕೊಂಡವು. ಅದು ‘ಕಾದಂಬರಿ’. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮಗೆ ಎರಡೂ ಕಡೆ ಬದಲಾಗದೆ ಉಳಿಯುವ ಪದಗಳಲ್ಲಿ ಇದೂ ಒಂದು.

ಈ ಪದದ ಮೂಲ ಒಬ್ಬ ತರುಣಿಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ಸಂಸ್ಕೃತದಲ್ಲಿ ರಚಿಸಿದ ಗದ್ಯಕಥೆಯ ನಾಯಕಿ ಕಾದಂಬರಿ ಎಂಬ ಗಂಧರ್ವಕನ್ಯೆ. ಬಾಣನು ಕೃತಿಯನ್ನು ಪೂರ್ಣಗೊಳಿಸದೆ ತೀರಿಕೊಂಡನು. ಉಳಿದ ಭಾಗವನ್ನು ಅವನ ಮಗನು ಬರೆದು ಮುಗಿಸಿದನು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಇಡೀ ಕಥೆಯನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪೂಕಾವ್ಯವಾಗಿ ಕನ್ನಡಕ್ಕೆ ತಂದನು. ಸಂಸ್ಕೃತದ ಗದ್ಯವನ್ನು ಗದ್ಯಪದ್ಯಗಳ ಹದಕ್ಕೆ ಒಗ್ಗಿಸಿ, ದೀರ್ಘ ವರ್ಣನೆಗಳನ್ನು ಅಡಕಗೊಳಿಸಿದ ಆ ಕೃತಿ ಕನ್ನಡದ ಶ್ರೇಷ್ಠ ಅನುವಾದಗಳಲ್ಲಿ ಒಂದೆಂದು ಮನ್ನಣೆ ಪಡೆದಿದೆ.

ಹದಿನಾರರ ನಾಯಕ

ಕಥೆಯನ್ನು ಸಂಗ್ರಹವಾಗಿ ನೋಡೋಣ. ವಿದಿಶೆಯ ಅರಸ ಶೂದ್ರಕನ ಸಭೆಗೆ ಚಾಂಡಾಲಕನ್ಯೆಯೊಬ್ಬಳು ಒಂದು ಗಿಳಿಯನ್ನು ತರುತ್ತಾಳೆ. ಗಿಳಿ ಮನುಷ್ಯರಂತೆ ಮಾತನಾಡಿ, ಜಾಬಾಲಿ ಮುನಿಯಿಂದ ತಾನು ಕೇಳಿದ ಕಥೆಯನ್ನು ಅರಸನಿಗೆ ಹೇಳುತ್ತದೆ. ಆ ಕಥೆಯ ನಾಯಕ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ. ಆರನೆಯ ವಯಸ್ಸಿನಲ್ಲಿ ವಿದ್ಯಾಗೃಹವನ್ನು ಹೊಕ್ಕು, ಹತ್ತು ವರ್ಷ ಅಭ್ಯಾಸ ಮಾಡಿ, ಹದಿನಾರರಲ್ಲಿ ಹೊರಗೆ ಬರುತ್ತಾನೆ. ನಮ್ಮ ಶಾಲೆಯಿಂದ ಹತ್ತನೆಯ ತರಗತಿ ಮುಗಿಸಿ ಹೊರಡುವ ಮಕ್ಕಳ ವಯಸ್ಸೂ ಅದೇ.

ಯುವರಾಜ ಪಟ್ಟವಾಗುವ ಮುನ್ನ ಮಂತ್ರಿ ಶುಕನಾಸನು ಅವನಿಗೆ ಯೌವನ ಮತ್ತು ಐಶ್ವರ್ಯಗಳ ಮದವನ್ನು ಕುರಿತು ದೀರ್ಘವಾಗಿ ಉಪದೇಶಿಸುತ್ತಾನೆ. ಉಪದೇಶ ಕೇಳಿದ ಕುಮಾರನು ಮುಂದೆ ದಿಗ್ವಿಜಯದ ನಡುವೆ ಕಿನ್ನರ ದಂಪತಿಗಳ ಬೆನ್ನು ಹತ್ತಿ ದಾರಿ ತಪ್ಪುತ್ತಾನೆ. ದಾರಿ ತಪ್ಪಿದ ಕಾರಣದಿಂದಲೇ ಅಚ್ಛೋದ ಸರೋವರ ಸಿಗುತ್ತದೆ. ಅದರ ದಡದಲ್ಲಿ ವೀಣೆ ನುಡಿಸುತ್ತ ಕುಳಿತ ತಪಸ್ವಿನಿ ಮಹಾಶ್ವೇತೆಯ ಪರಿಚಯವಾಗುತ್ತದೆ. ಆಕೆಯ ಪ್ರಿಯ ಪುಂಡರೀಕನು ವಿರಹದಿಂದ ಪ್ರಾಣ ಬಿಟ್ಟಿದ್ದಾನೆ. ಅವನು ಮರಳಿ ದೊರೆಯುವನೆಂಬ ದಿವ್ಯಪುರುಷನ ಮಾತನ್ನು ನಂಬಿ ಆಕೆ ಕಾದಿದ್ದಾಳೆ. ಗೆಳತಿಯ ದುಃಖ ತೀರುವವರೆಗೆ ತಾನು ಮದುವೆಯಾಗಲಾರೆನೆಂದು ಪಣ ತೊಟ್ಟವಳು ಕಾದಂಬರಿ. ಚಂದ್ರಾಪೀಡನೂ ಅವಳೂ ಪರಸ್ಪರ ಒಲಿಯುತ್ತಾರೆ.

ಮುಂದೆ ಚಂದ್ರಾಪೀಡನ ಗೆಳೆಯ ವೈಶಂಪಾಯನನು ಮಹಾಶ್ವೇತೆಯನ್ನು ಪೀಡಿಸಿ, ಆಕೆಯ ಶಾಪದಿಂದ ಗಿಳಿಯಾಗುತ್ತಾನೆ. ಆ ಸುದ್ದಿಗೆ ಚಂದ್ರಾಪೀಡನ ಎದೆ ಒಡೆಯುತ್ತದೆ. ಕೆಡದೆ ಉಳಿದ ಅವನ ದೇಹವನ್ನು ಕಾದಂಬರಿ ಕಾಯುತ್ತಾಳೆ. ಪುಂಡರೀಕನೇ ವೈಶಂಪಾಯನ, ಅವನೇ ಗಿಳಿ. ಚಂದ್ರನೇ ಚಂದ್ರಾಪೀಡ, ಅವನೇ ಕಥೆ ಕೇಳುತ್ತಿರುವ ಶೂದ್ರಕ ಎಂಬ ರಹಸ್ಯ ಕೊನೆಯಲ್ಲಿ ಬಿಚ್ಚಿಕೊಂಡು, ಇಬ್ಬರು ತರುಣಿಯರಿಗೂ ಪ್ರಿಯರು ಮರಳಿ ದೊರೆಯುತ್ತಾರೆ.

ಶಾಪ, ಜನ್ಮಾಂತರ, ರೂಪಾಂತರ, ಸಾವನ್ನು ದಾಟುವ ಪ್ರೇಮ, ಹದಿನಾರರ ನಾಯಕ: ಇಂದಿನ ಪ್ರಕಾಶಕರು ತರುಣರಿಗಾಗಿ ಪ್ರಕಟಿಸುವ ಅದ್ಭುತ ಪ್ರಣಯಕಥೆಗಳ ಪರಿಕರಗಳೆಲ್ಲವೂ ಇಲ್ಲಿ ಇವೆ. ಇಂಥ ಕಥೆಯ ನಾಯಕಿಯ ಹೆಸರನ್ನೇ ನಾವು ಇಡೀ ಪ್ರಕಾರಕ್ಕೆ ಇಟ್ಟಿರುವಾಗ, ಈ ಬಗೆಯ ಕಥೆ ನಮ್ಮದಲ್ಲವೆಂಬ ಮೊದಲ ಆಕ್ಷೇಪ ನಿಲ್ಲುವುದಿಲ್ಲ.

ವಿಸ್ಮಯದ ಪ್ರಯೋಜನ

ಎರಡನೆಯ ಆಕ್ಷೇಪಕ್ಕೆ ನಮ್ಮ ಕಾವ್ಯಮೀಮಾಂಸಕರು ಎಂದೋ ಉತ್ತರ ಕೊಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಅದ್ಭುತವೂ ಒಂದು. ಅದರ ಸ್ಥಾಯಿಭಾವ ವಿಸ್ಮಯ. ಬೆರಗುಗೊಳ್ಳುವುದು ಶೋಕ, ಉತ್ಸಾಹಗಳಷ್ಟೇ ಮೂಲಭೂತವಾದ ಮನೋಧರ್ಮವೆಂದು ಒಪ್ಪಿದ ಪರಂಪರೆ ನಮ್ಮದು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಶೃಂಗಾರದ ಒಂದು ಪ್ರಭೇದವನ್ನು ‘ಕರುಣ ವಿಪ್ರಲಂಭ’ ಎಂದು ಹೆಸರಿಸುತ್ತಾನೆ. ಪ್ರೇಮಿಗಳಲ್ಲಿ ಒಬ್ಬರು ಲೋಕಾಂತರಕ್ಕೆ ಸಂದು, ಮತ್ತೆ ದೊರೆಯುವ ಆಸೆ ಉಳಿದಿರುವಾಗಿನ ದುಃಖ ಅದು. ಅದಕ್ಕೆ ಅವನು ಕೊಡುವ ಉದಾಹರಣೆ ಪುಂಡರೀಕ ಮಹಾಶ್ವೇತೆಯರ ವೃತ್ತಾಂತವೇ. ಮರಳುವ ಆಸೆ ಇಲ್ಲದಿದ್ದರೆ ಅದು ಶುದ್ಧ ಕರುಣ. ಆಸೆ ಇರುವುದರಿಂದ ಶೃಂಗಾರ. ಈ ಸೂಕ್ಷ್ಮ ಭೇದವನ್ನು ಗುರುತಿಸಲು ಅವರಿಗೆ ಅದ್ಭುತ ಕಥೆಯೇ ಬೇಕಾಯಿತು.

ಪಶ್ಚಿಮದಲ್ಲಿಯೂ ಇಂಥ ಚರ್ಚೆ ನಡೆದಿದೆ. ಜೆ. ಆರ್. ಆರ್. ಟೋಲ್ಕಿನ್ 1939ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಸೆರೆಯಾಳು ಬಿಡುಗಡೆ ಬಯಸುವುದಕ್ಕೂ ಸೈನಿಕನು ರಣದಿಂದ ಓಡಿಹೋಗುವುದಕ್ಕೂ ವ್ಯತ್ಯಾಸವಿದೆ, ಅದ್ಭುತ ಕಥೆಯ ಓದನ್ನು ಪಲಾಯನವೆಂದು ಹಳಿಯುವವರು ಇವೆರಡನ್ನು ಬೆರೆಸುತ್ತಾರೆ ಎಂಬ ಅರ್ಥದ ವಾದವನ್ನು ಮಂಡಿಸಿದರು. ಹದಿಹರೆಯದವರ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ತನ್ನ ದೇಹ ತನ್ನ ಕಣ್ಣೆದುರೇ ಬದಲಾಗುತ್ತಿರುವ ವಯಸ್ಸಿಗೆ ರೂಪಾಂತರದ ಕಥೆ ಕಟ್ಟುಕಥೆಯಾಗಿ ಕಾಣುವುದಿಲ್ಲ. ಹೇಳಲಾಗದ ಭಯ, ಒಲವುಗಳಿಗೆ ಅದು ಮಾತು ಒದಗಿಸುತ್ತದೆ.

ಅಜ್ಜಿಯ ಬಾಯಿಂದ ರಂಗಭೂಮಿಗೆ

ಶಿಷ್ಟಸಾಹಿತ್ಯದಂತೆ ಜನಪದದಲ್ಲಿಯೂ ಇಂಥ ಕಥೆಗಳ ಭಂಡಾರವಿದೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಕನ್ನಡ ಹೆಣ್ಣುಮಕ್ಕಳ ಬಾಯಿಂದ ಅನೇಕ ಕಥೆಗಳನ್ನು ಕೇಳಿ ಸಂಗ್ರಹಿಸಿದರು. ಬಡ ತಾಯಿಗೆ ನೆರವಾಗಲು ಹೂವಿನ ಮರವಾಗುವ ಹುಡುಗಿಯ ಕಥೆ ಅವುಗಳಲ್ಲಿ ಒಂದು. ಮದುವೆಯ ನಂತರ ನಾದಿನಿಯ ಹಟಕ್ಕಾಗಿ ಮರವಾದ ಅವಳ ಕೊಂಬೆಗಳನ್ನು ಜೊತೆಯ ಹುಡುಗಿಯರು ಮುರಿಯುತ್ತಾರೆ. ಕೈಕಾಲಿಲ್ಲದ ಅವಳನ್ನು ಗಂಡನು ಕಂಡುಕೊಂಡು, ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ ಉಳಿಸಿಕೊಳ್ಳುತ್ತಾನೆ. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೆ (1992) ಈ ಕಥೆಯೇ ಆಧಾರ. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಇದನ್ನು ಸಂಗೀತನಾಟಕವಾಗಿಸಿದರು. 2006ರಲ್ಲಿ ವಿಯೆನ್ನಾದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕನ್ನಡದ ಅಡುಗೆಮನೆಯಲ್ಲಿ ಹುಟ್ಟಿದ ಕಥೆ ವಿಯೆನ್ನಾ ಮುಟ್ಟಿತು. ನಮ್ಮ ಮನೆಗಳ ಮಕ್ಕಳನ್ನು ಮುಟ್ಟಿದೆಯೇ ಎಂಬುದು ಯೋಚಿಸಬೇಕಾದ ವಿಷಯ.

ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ‘ನಾಗಮಂಡಲ’ವನ್ನು ಬರೆದರು. ರಾಣಿಯೆಂಬ ಎಳೆಯ ಹೆಂಡತಿಯನ್ನು ಗಂಡ ಅಪ್ಪಣ್ಣನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ. ಗಂಡನ ಒಲವು ಪಡೆಯಲು ಕುರುಡವ್ವ ಕೊಟ್ಟ ಬೇರು ಹುತ್ತದ ಪಾಲಾಗುತ್ತದೆ. ಹುತ್ತದ ನಾಗ ಅವಳಿಗೆ ಮರುಳಾಗಿ, ಗಂಡನ ರೂಪದಲ್ಲಿ ರಾತ್ರಿಗಳಲ್ಲಿ ಬರತೊಡಗುತ್ತದೆ. ಹಗಲು ಕಠೋರ, ಇರುಳು ಕೋಮಲನಾದ ‘ಗಂಡ’ನ ಒಗಟನ್ನು ರಾಣಿ ಬಿಡಿಸಲಾರಳು. ಇದೇ ನಾಟಕದ ಚೌಕಟ್ಟಿನಲ್ಲಿ ಇನ್ನೊಂದು ಮಾತಿದೆ. ಕಥೆ ಗೊತ್ತಿದ್ದೂ ಹೇಳದೆ ಇದ್ದ ಮುದುಕಿಯ ಬಾಯಿಂದ, ಆಕೆ ಮಲಗಿದಾಗ ಕಥೆಯು ಹೆಣ್ಣಾಗಿ ತಪ್ಪಿಸಿಕೊಂಡು ಬರುತ್ತದೆ. ಕಥೆಯನ್ನು ಬಲ್ಲವರು ಅದನ್ನು ಹೇಳಲೇಬೇಕೆಂಬ ಜನಪದರ ನಂಬಿಕೆ ಇದರ ಹಿಂದಿದೆ.

ಸವಿಯುತ್ತ ತೂಗುವುದು

ಮೂರನೆಯ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಪ್ರಣಯಕಥೆಗಳು ಪ್ರೇಮದ ಒಂದು ಮಾದರಿಯನ್ನು ಓದುಗರ ಮನಸ್ಸಿನಲ್ಲಿ ನಿಲ್ಲಿಸುತ್ತವೆ. ಆ ಮಾದರಿ ಒಳ್ಳೆಯದೇ ಆಗಿರಬೇಕೆಂದಿಲ್ಲ. ‘ಟ್ವೈಲೈಟ್’ನ ಎಡ್ವರ್ಡ್ ರಕ್ತಪಿಶಾಚಿ. 1918ರಿಂದ ಅವನ ವಯಸ್ಸು ಹದಿನೇಳರಲ್ಲಿಯೇ ನಿಂತಿದೆ. ಹದಿನೇಳರ ಬೆಲ್ಲಾಳ ಕೋಣೆಗೆ ಅವಳಿಗೆ ತಿಳಿಯದಂತೆ ರಾತ್ರಿ ಬಂದು ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ. ಕಥೆ ಇದನ್ನು ಒಲವಿನ ಗುರುತಾಗಿ ಕಾಣಿಸುತ್ತದೆ. ಇದು ಒಲವೋ ಕಾವಲೋ ಎಂದು ಅನೇಕ ವಿಮರ್ಶಕರು ಕೇಳಿದ್ದಾರೆ.

ಅದೇ ಪ್ರಶ್ನೆಯನ್ನು ನಮ್ಮ ಕಥೆಗಳಿಗೂ ಕೇಳುವುದು ನ್ಯಾಯ. ನಾಗ ಬಂದದ್ದು ಗಂಡನ ವೇಷದಲ್ಲಿ. ರಾಣಿ ಒಪ್ಪಿದ್ದು ಯಾರನ್ನು? ಆದರೆ ಕಾರ್ನಾಡರ ನಾಟಕ ಈ ಪ್ರಶ್ನೆಯನ್ನು ಮುಚ್ಚಿಡದೆ ಊರ ಪಂಚಾಯಿತಿಯ ಮುಂದೆ ತರುತ್ತದೆ. ಹಾವನ್ನು ಹಿಡಿದು ದಿವ್ಯಕ್ಕೆ ನಿಂತ ರಾಣಿ, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂಬ ಅರ್ಥದ ಸತ್ಯವನ್ನೇ ನುಡಿದು ಗೆಲ್ಲುತ್ತಾಳೆ. ಬೇಡವೆಂದ ಮೇಲೂ ಪೀಡಿಸಿದ ವೈಶಂಪಾಯನನಿಗೆ ಬಾಣನ ಕಥೆಯಲ್ಲಿ ಶಾಪವೇ ಫಲ. ಹೀಗೆ ಎರಡು ಕಥೆಗಳನ್ನು ಎದುರುಬದುರು ಇಟ್ಟು ನೋಡುವುದನ್ನು ಕಲಿತ ಮಗು ಪುಸ್ತಕದಿಂದ ಕೆಡುವುದಿಲ್ಲ. ಪುಸ್ತಕವನ್ನು ಕಿತ್ತುಕೊಂಡರೆ ಆ ಕಲಿಕೆಗೆ ಅವಕಾಶವೇ ಇಲ್ಲದಂತಾಗುತ್ತದೆ.

ಗಡಿನಾಡಿನಲ್ಲಿ ಈ ಮಾತು ಏಕೆ?

ಓದಿನ ರುಚಿ ಬಹಳ ಮಂದಿಗೆ ನೆಲೆಗೊಳ್ಳುವುದು ಹನ್ನೆರಡರಿಂದ ಹದಿನೆಂಟರ ನಡುವೆ. ನಮ್ಮ ಮಕ್ಕಳು ಕನ್ನಡ ಪಠ್ಯದಿಂದ ದೂರ ಸರಿದು ಮರಾಠಿ ಅಥವಾ ಇಂಗ್ಲಿಷ್ ಕಾಲೇಜಿಗೆ ಹೋಗುವುದೂ ಅದೇ ಅವಧಿಯಲ್ಲಿ. ಮರಾಠಿಯಲ್ಲಿ ಭಾ. ರಾ. ಭಾಗವತರ ಸಾಹಸಿ ಬಾಲಕ ಫಾಸ್ಟರ್ ಫೇಣೆ ಇದ್ದಾನೆ. ನಾರಾಯಣ ಧಾರಪರ ಭಯಾನಕ ಕಥೆಗಳಿವೆ. ಅವುಗಳನ್ನು ನಮ್ಮ ಮಕ್ಕಳು ಸಂತೋಷದಿಂದ ಓದಲಿ. ಆದರೆ ಆ ಆರು ವರ್ಷಗಳಲ್ಲಿ ಮನಸ್ಸನ್ನು ಸೆಳೆದ ಒಂದೂ ಕನ್ನಡ ಪುಸ್ತಕ ಇಲ್ಲದೆ ಹೋದರೆ, ಕನ್ನಡ ಮನೆಮಾತಾಗಿ ಉಳಿದರೂ ಓದುವ ಭಾಷೆಯಾಗಿ ಉಳಿಯುವುದಿಲ್ಲ. ಮುಂದಿನ ತಲೆಮಾರಿಗೆ ಮನೆಮಾತಾಗಿಯೂ ದಾಟುವುದು ಕಷ್ಟ.

ನಮ್ಮ ಸೀಮೆಗೆ ಕಥೆಗಳ ಬಡತನವಿಲ್ಲ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ನಡೆಯುವುದು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೋಲಾಪುರದಲ್ಲಿ. ಹೊಲದಲ್ಲಿ ಕಂಡ ಜಂಗಮನಿಗೆ ಉಣಿಸು ತರಲು ಮನೆಗೆ ಓಡಿದ ಬಾಲಕ, ಮರಳಿ ಬಂದಾಗ ಆತನನ್ನು ಕಾಣದೆ, ಮಲ್ಲಯ್ಯಾ ಎಂದು ಕೂಗುತ್ತ ಶ್ರೀಶೈಲದವರೆಗೆ ಹುಡುಕಿಕೊಂಡು ಹೋಗುವ ಭಾಗವನ್ನು ಕಥೆಯಾಗಿ ಹೇಳಿದರೆ ಯಾವ ಹದಿಹರೆಯದ ಮನಸ್ಸೂ ಕರಗದಿರದು.

ಆದುದರಿಂದ ಸುವರ್ಣ ಮಹೋತ್ಸವದ ಈ ವರ್ಷ ಹಳೆಯ ವಿದ್ಯಾರ್ಥಿಗಳು ಎರಡು ಕೆಲಸಗಳನ್ನು ಕೈಗೊಳ್ಳಬಹುದು. ಶಾಲೆಯ ವಾಚನಾಲಯದಲ್ಲಿ ಎಂಟನೆಯ ತರಗತಿಯಿಂದ ಮೇಲಿನವರಿಗಾಗಿ ಅದ್ಭುತ ಕಥೆಗಳ ಒಂದು ಕಪಾಟು ಇರಿಸುವುದು ಮೊದಲನೆಯದು. ಅದರಲ್ಲಿ ‘ಕಾದಂಬರಿ’ಯ ಸರಳ ಗದ್ಯರೂಪ, ಜನಪದ ಕಥಾಸಂಗ್ರಹಗಳು, ‘ನಾಗಮಂಡಲ’ ಇರಲಿ. ಮನೆಯ ಅಜ್ಜಿಯರು ಹೇಳುವ ಕಥೆಗಳನ್ನು ಮಕ್ಕಳಿಂದಲೇ, ಅವರ ಆಡುಮಾತಿನಲ್ಲಿಯೇ ಬರೆಯಿಸಿ ಕೈಬರಹದ ಸಂಚಿಕೆ ಮಾಡುವುದು ಎರಡನೆಯದು.

ಮನೆಯಲ್ಲಿ ಚರ್ಚಿಸಲು ಕೆಲವು ಪ್ರಶ್ನೆಗಳು

1. ಈ ಕಥೆಯ ಅದ್ಭುತಕ್ಕೆ ನಿಯಮವೇನು? ಮಂತ್ರ ಅಥವಾ ಶಾಪಕ್ಕೆ ಮಿತಿ ಎಲ್ಲಿದೆ?

2. ರೂಪ ಬದಲಾದಾಗ ಪಾತ್ರದ ಗುಣವೂ ಬದಲಾಯಿತೇ?

3. ಪ್ರೇಮಿಗಳಲ್ಲಿ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿದಿದೆಯೇ? ಒಪ್ಪಿಗೆ ಕೇಳಿದವರು ಯಾರು?

4. ಅದ್ಭುತವನ್ನು ತೆಗೆದುಹಾಕಿದರೆ ಕಥೆಯಲ್ಲಿ ಉಳಿಯುವ ದುಃಖ ಯಾವುದು?

5. ಇಂಥದೇ ಕಥೆ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿದೆ? ಅವರನ್ನು ಇಂದೇ ಕೇಳಿ ಬರೆದುಕೊಳ್ಳಿರಿ.