ಯೋಜನೆ ಫಲ ಕೊಟ್ಟಿತೇ? ಅಳೆಯುವವರಿಗೆ ಕೆಲವು ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ತಾಲೂಕುಗಳಿಗೆ ಬರ ಹೊಸದಲ್ಲ, ಸರ್ಕಾರಿ ಯೋಜನೆಗಳೂ ಹೊಸವಲ್ಲ. ಜಲಾನಯನ, ಕೃಷಿಹೊಂಡ, ಉದ್ಯೋಗ ಖಾತ್ರಿ, ಏತ ನೀರಾವರಿ ಎಲ್ಲವೂ ಬಂದಿವೆ. ಎಷ್ಟು ಖರ್ಚಾಯಿತು ಎಂಬ ಲೆಕ್ಕ ಕಚೇರಿಯಲ್ಲಿ ಸಿಗುತ್ತದೆ. ಆ ಖರ್ಚಿನಿಂದ ಏನಾಯಿತು ಎಂಬ ಲೆಕ್ಕ ಹುಡುಕಬೇಕು. ಅದನ್ನು ಹುಡುಕಹೊರಟ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ, ಪಂಚಾಯಿತಿ ಸದಸ್ಯರಿಗೆ ಈ ಮಾತುಗಳು.

1. ‘ಮೊದಲು ಹೀಗಿತ್ತು, ಈಗ ಹೀಗಿದೆ’ ಎಂಬುದಕ್ಕೆ ಸೋಲಬೇಡಿ.
ಚೆಕ್ ಡ್ಯಾಂ ಕಟ್ಟಿದ ವರ್ಷವೇ ಮಳೆಯೂ ಚೆನ್ನಾಗಿ ಬಿದ್ದಿದ್ದರೆ ಶೇಂಗಾ ಇಳುವರಿ ಹೆಚ್ಚಿದ್ದು ಯಾವುದರಿಂದ? ಚೆಕ್ ಡ್ಯಾಂ ಇಲ್ಲದಿದ್ದರೆ ಇದೇ ಹೊಲದಲ್ಲಿ ಏನು ಬೆಳೆಯುತ್ತಿತ್ತು ಎಂಬುದೇ ನಿಮ್ಮ ಪ್ರಶ್ನೆ.

2. ಗಡಿಯ ಎರಡೂ ಬದಿ ನೋಡಿ.
ಯೋಜನೆ ಬಂದ ಹಳ್ಳಿಯನ್ನು ಬಾರದ ನೆರೆಹಳ್ಳಿಯ ಜತೆ ಹೋಲಿಸಿದರೆ ಆ ಪ್ರಶ್ನೆಗೆ ಉತ್ತರ ಸಿಗಬಹುದು. ಈ ಸೀಮೆಯಲ್ಲಿ ಅದಕ್ಕೆ ಅಪರೂಪದ ಅವಕಾಶವಿದೆ. ಈಗ ಒಂದೇ ಜಿಲ್ಲೆಯಲ್ಲಿರುವ ಈ ತಾಲೂಕುಗಳು ಹಿಂದೆ ಬೇರೆ ಬೇರೆ ಜಿಲ್ಲೆಗಳಲ್ಲಿದ್ದವು. 1997ರಲ್ಲಿ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಪಕ್ಕದ ಹಡಗಲಿ, ಕೂಡ್ಲಿಗಿ ಬಳ್ಳಾರಿಯಲ್ಲೇ ಉಳಿದವು. ಉದ್ಯೋಗ ಖಾತ್ರಿಯ ಮೊದಲ ಪಟ್ಟಿಯಲ್ಲಿ ದಾವಣಗೆರೆ ಇತ್ತು, ಬಳ್ಳಾರಿ ಎರಡನೆಯದರಲ್ಲಿ. ಹಾಗಾಗಿ ಹರಪನಹಳ್ಳಿಗೆ ಖಾತ್ರಿ ಕೆಲಸ 2006ರಲ್ಲಿ ಬಂತು, ಗಡಿಯಾಚೆಯ ಹಳ್ಳಿಗಳಿಗೆ 2007ರಲ್ಲಿ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ವಿಷಯದಲ್ಲಿ ಆದದ್ದು ತಿರುವುಮುರುವು. 2013ರಲ್ಲಿ ಹಡಗಲಿಗೆ ಸಿಕ್ಕ ಸೌಲಭ್ಯ ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ತಪ್ಪಿತು. ಅದಕ್ಕಾಗಿ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು.

ಗಡಿಯಂಚಿನ ಹಳ್ಳಿಗಳಿಗೆ ಹೆಚ್ಚುಕಡಿಮೆ ಒಂದೇ ಮಳೆ, ಒಂದೇ ಬಗೆಯ ಮಣ್ಣು. ಬೇರೆ ಇದ್ದದ್ದು ಜಿಲ್ಲೆಯ ಹೆಸರು. ಈ ಬದಿಯಲ್ಲಿ ಕೂಲಿ ಎಷ್ಟು ಏರಿತು, ಆ ಬದಿಯಲ್ಲಿ ಎಷ್ಟು ಏರಿತು ಎಂದು ನೋಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ಕೂಲಿ ಹೆಚ್ಚಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಜತೆ ಹೋಲಿಸಿ ಮಾಡಿದ್ದು ಇದನ್ನೇ. ಕಾರ್ಡ್ 2021ರಲ್ಲಿ ನೊಬೆಲ್ ಪಡೆದರು. ಆದರೆ ಒಂದು ಷರತ್ತು: ಯೋಜನೆಗೆ ಮುಂಚಿನ ವರ್ಷಗಳಲ್ಲೂ ಎರಡೂ ಬದಿಯ ಕೂಲಿ ಒಂದೇ ಗತಿಯಲ್ಲಿ ಸಾಗಿತ್ತೇ ಎಂದು ಪರೀಕ್ಷಿಸಿ. ಇಲ್ಲವಾದರೆ ಆ ಕಳೆಯುವ ಲೆಕ್ಕ ಸುಳ್ಳು ಹೇಳುತ್ತದೆ.

3. ಫೇಲಾದ ಬೋರುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.
ರೈತ ಮೂರು ಬೋರು ಕೊರೆಸಿ ಒಂದರಲ್ಲಿ ನೀರು ಬಿತ್ತೆನ್ನಿ. ಒಂದಕ್ಕೆ 1 ಲಕ್ಷ ಎಂದುಕೊಂಡರೂ ಆ ನೀರಿನ ಬಂಡವಾಳ 3 ಲಕ್ಷ. ಆರು ವರ್ಷಕ್ಕೆ ಅದು ಬತ್ತಿದರೆ ಬಡ್ಡಿ ಬಿಟ್ಟು ವರ್ಷಕ್ಕೆ 50 ಸಾವಿರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ.ಜಿ. ಚಂದ್ರಕಾಂತ್ ಕರ್ನಾಟಕದ ಅಂತರ್ಜಲದ ಬೆಲೆಯನ್ನು ಹೀಗೆ ಬೋರಿನ ಆಯುಷ್ಯಕ್ಕೆ ಹಂಚಿ ಲೆಕ್ಕಹಾಕಿ ತೋರಿಸಿದವರು. ನಿಮ್ಮ ಬೋರಿನಿಂದ ಪಕ್ಕದ ಹೊಲದವನ ಬೋರು ಬತ್ತಿದರೆ ಅವನ ನಷ್ಟವೂ ಇದರಲ್ಲಿ ಸೇರಬೇಕು. ಅದೇ ರೀತಿ, ಕೆರೆ ತುಂಬಿದ್ದರ ಲಾಭವನ್ನು ಅಚ್ಚುಕಟ್ಟಿನಲ್ಲಷ್ಟೇ ಹುಡುಕಬೇಡಿ. ಸುತ್ತಲಿನ ಬೋರುಗಳ ಆಯುಷ್ಯ ಎಷ್ಟು ಹೆಚ್ಚಿತು ಎಂದು ಕೇಳಿ.

4. ಪೈಪು ಹಾಕಿದ ಮೇಲಿನ ಖರ್ಚನ್ನು ಬರೆಯಿರಿ.
ಕೂಡ್ಲಿಗಿಯ 74 ಕೆರೆ ತುಂಬಿಸುವಂಥ ಯೋಜನೆಯಲ್ಲಿ ಕರೆಂಟು ಬಿಲ್ಲು, ಮೋಟಾರು ರಿಪೇರಿ ಪ್ರತಿವರ್ಷದ್ದು. ಹೂಳೆತ್ತುವ ಕೆಲಸವೂ ಮತ್ತೆ ಮತ್ತೆ ಬರುತ್ತದೆ. ನಮ್ಮ ದೇಶದಲ್ಲಿ ನೀರಾವರಿ ಯೋಜನೆಗೆ ರೂಪಾಯಿಗೆ ಒಂದೂವರೆ ರೂಪಾಯಿ ಲಾಭ ತೋರಿಸಬೇಕೆಂಬ ನಿಯಮವಿದೆ; ಬರಪೀಡಿತ ಪ್ರದೇಶಕ್ಕೆ ಒಂದು ರೂಪಾಯಿ ಸಾಕು. ಈ ರಿಯಾಯಿತಿ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಅದು ಇರುವಾಗ ಕಾಗದದ ಮೇಲೆ ಎಲ್ಲ ಎಕರೆಗೂ ಕಬ್ಬು ಬೆಳೆಸಿ ಲಾಭ ಉಬ್ಬಿಸುವ ಅಗತ್ಯವೇ ಇಲ್ಲ.

5. ಗುಳೆ ಹೋದವರಿಗಾಗಿ ಕಾಯಿರಿ.
ಬೇಸಿಗೆಯಲ್ಲಿ ತಾಂಡಾಕ್ಕೆ ಹೋದರೆ ಹಿರಿಯರು, ಮಕ್ಕಳು ಸಿಗುತ್ತಾರೆ. ದುಡಿಯುವವರು ಬೆಂಗಳೂರಿನಲ್ಲೋ ಕಾಫಿ ಸೀಮೆಯಲ್ಲೋ ಇರುತ್ತಾರೆ. ಯೋಜನೆ ಯಾರನ್ನು ಊರಲ್ಲಿ ಉಳಿಸಬೇಕಿತ್ತೋ ಅವರೇ ನಿಮ್ಮ ಸಮೀಕ್ಷೆಯಿಂದ ಹೊರಗುಳಿಯುತ್ತಾರೆ. ಮುಂಗಾರು ಬಿತ್ತನೆಗೆ ಮರಳಿದಾಗ ಇನ್ನೊಮ್ಮೆ ಹೋಗಿ.

6. ಸಂತೆಯಲ್ಲಿ ಮಾರದ್ದಕ್ಕೂ ಬೆಲೆ ಕಟ್ಟಿ.
ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯ ಪಕ್ಷಿಧಾಮ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿ ನೋಡಲು ಬರುವವರು ದಾರಿಗೆ, ಊಟಕ್ಕೆ, ಸಮಯಕ್ಕೆ ತೆರುವ ಬೆಲೆಯಿಂದ ಆ ಕೆರೆಯ ಬೆಲೆ ಅಂದಾಜಿಸುವ ವಿಧಾನವಿದೆ. ಅಷ್ಟಕ್ಕೇ ನಿಲ್ಲಬೇಡಿ, ದನಕ್ಕೆ ನೀರು ಕುಡಿಸುವ ಊರವರ ಪಾಲು ಬಿಟ್ಟುಹೋದರೆ ಕೆರೆಯ ಬೆಲೆ ಹೊರಗಿನವರ ಜೇಬು ನೋಡಿ ನಿರ್ಧಾರವಾಗುತ್ತದೆ. ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮಕ್ಕೂ ಇದೇ ಮಾತು. ಕರಡಿ ಉಳಿದರೆ ಲಾಭ ನಾಡಿಗೆಲ್ಲ, ಬೆಳೆ ಹಾಳಾದರೆ ನಷ್ಟ ಅಂಚಿನ ಹೊಲದ ಒಬ್ಬ ರೈತನಿಗೆ. ಒಟ್ಟು ಮೊತ್ತದ ಪಕ್ಕದಲ್ಲೇ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಎರಡು ಕಾಲಂ ಹಾಕಿ.

7. ಹಳೆಯ ಅಂಕಿ ಜೋಡಿಸುವಾಗ ನಕ್ಷೆ ಬಿಚ್ಚಿಡಿ.
2011ರ ಜನಗಣತಿಯಲ್ಲಿ ಕೊಟ್ಟೂರು ತಾಲೂಕೇ ಇಲ್ಲ, ಕೂಡ್ಲಿಗಿಯೊಳಗೆ ಹುಡುಕಬೇಕು. ತಾಲೂಕಿನ ಮೊತ್ತ ಬಿಟ್ಟು ಹಳ್ಳಿವಾರು ಅಂಕಿ ಹಿಡಿದರೆ ಕೆಲಸ ಸುಲಭ.

8. ವರದಿ ಅಚ್ಚಾಗುವ ಮೊದಲು ಗ್ರಾಮಸಭೆಯಲ್ಲಿ ಓದಿ.
ಪಟ್ಟಿಯಲ್ಲಿರುವ ಕೃಷಿಹೊಂಡ ಹೊಲದಲ್ಲಿದೆಯೇ, ಇದ್ದರೆ ನೀರು ನಿಲ್ಲುತ್ತದೆಯೇ ಎಂಬುದನ್ನು ಊರವರು ಕೂತಲ್ಲೇ ಹೇಳುತ್ತಾರೆ. ತಿದ್ದಿದ ವರದಿಯನ್ನು, ಯೋಜನೆ ಸೋತಿದೆ ಎಂದು ಕಂಡರೂ ಸರಿಯೇ, ಜಿಲ್ಲಾ ಪಂಚಾಯಿತಿಗೂ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರಕ್ಕೂ ಮುಂದಿನ ಬಜೆಟ್‌ಗೆ ಮುಂಚೆಯೇ ತಲುಪಿಸಿ.