ಬಾಗಿಲಿಗೆ ಕಟ್ಟಿದ ಹಸಿರು ಕೊಂಬೆ: ಆಸ್ಟ್ರಿಯಾದ ದ್ರಾಕ್ಷಾರಸದ ಅಂಗಳಗಳು ಕಲಿಸುವ ವ್ಯಾಪಾರ ಪಾಠ

ಬೆಳೆದವನೇ ತನ್ನ ಬೆಳೆಯನ್ನು ಸಂಸ್ಕರಿಸಿ, ತನ್ನ ಮನೆಯಂಗಳದಲ್ಲಿಯೇ ಗ್ರಾಹಕನಿಗೆ ಮಾರುವ ವ್ಯವಸ್ಥೆಯು ಎರಡು ಶತಮಾನಗಳಿಗೂ ಮಿಗಿಲಾಗಿ ಬಾಳಿ ಬಂದಿರುವುದು ವಿರಳ. ಆಸ್ಟ್ರಿಯಾ ದೇಶದ ‘ಹೊಯ್ರಿಗರ್’ ಎಂಬ ದ್ರಾಕ್ಷಾರಸದ ಮನೆಗಳು ಅಂತಹ ಒಂದು ಉದಾಹರಣೆ. ಕಾನೂನು ನೀಡುವ ವಿನಾಯಿತಿಗೂ ಅದು ವಿಧಿಸುವ ಮಿತಿಗೂ ಇರುವ ಸಂಬಂಧವನ್ನು ಅರಿಯಲು ಸಣ್ಣ ಉದ್ಯಮಿಗಳಿಗೆ ಇದೊಂದು ಉತ್ತಮ ಅಧ್ಯಯನ ವಿಷಯ.

ಹಿನ್ನೆಲೆ

ಹದಿನೆಂಟನೆಯ ಶತಮಾನದಲ್ಲಿ, ತಮ್ಮ ಜಮೀನುದಾರನ ದ್ರಾಕ್ಷಾರಸವನ್ನೇ ಮಾರಬೇಕೆಂಬ ಒತ್ತಾಯದ ವಿರುದ್ಧ ರೈತರು ದೂರು ಸಲ್ಲಿಸಿದರು. 1784ರ ಆಗಸ್ಟ್ 17ರಂದು ಚಕ್ರವರ್ತಿ ಎರಡನೆಯ ಜೋಸೆಫ್ ಹೊರಡಿಸಿದ ಆದೇಶವು, ತಾನೇ ಉತ್ಪಾದಿಸಿದ ಆಹಾರ ಪದಾರ್ಥ, ದ್ರಾಕ್ಷಾರಸ ಹಾಗೂ ಹಣ್ಣಿನ ರಸವನ್ನು ವರ್ಷದ ಯಾವ ಕಾಲದಲ್ಲಿಯಾದರೂ ತನಗೆ ಒಪ್ಪಿಗೆಯಾದ ಬೆಲೆಗೆ ಮಾರುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬನಿಗೂ ನೀಡಿತು. ಮಾರಾಟ ನಡೆಯುತ್ತಿದೆ ಎಂಬುದರ ಸೂಚನೆಯಾಗಿ ಬಾಗಿಲಿಗೆ ಹಸಿರು ಕೊಂಬೆಯನ್ನು ಕಟ್ಟುವ ರೂಢಿಯಿಂದಲೇ ಈ ವ್ಯವಸ್ಥೆಗೆ ‘ಬುಶೆನ್‌ಶಾಂಕ್’ ಎಂಬ ಹೆಸರು ಬಂದಿದೆ.

‘ಹೊಯ್ರಿಗರ್’ ಎಂದರೆ ‘ಈ ವರ್ಷದ್ದು’ ಎಂದರ್ಥ. ಹೊಸ ದ್ರಾಕ್ಷಾರಸಕ್ಕೂ ಅದನ್ನು ಬಡಿಸುವ ಸ್ಥಳಕ್ಕೂ ಇದೇ ಹೆಸರು. ರಾಜಧಾನಿ ವಿಯೆನ್ನಾದ ನಗರ ಮಿತಿಯೊಳಗೇ ಸುಮಾರು 600 ಹೆಕ್ಟೇರ್, ಅಂದರೆ ಸುಮಾರು 1,500 ಎಕರೆ ದ್ರಾಕ್ಷಿ ತೋಟಗಳಿವೆ. ಗ್ರಿಂಜಿಂಗ್, ನುಸ್‌ಡಾರ್ಫ್, ಷ್ಟಾಮರ್ಸ್‌ಡಾರ್ಫ್ ಮುಂತಾದ ಬಡಾವಣೆಗಳು ಈ ಅಂಗಳಗಳಿಗೆ ಹೆಸರಾಗಿವೆ. 2019ರಲ್ಲಿ ವಿಯೆನ್ನಾದ ಹೊಯ್ರಿಗರ್ ಸಂಸ್ಕೃತಿಯು ಆಸ್ಟ್ರಿಯಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಊಟದ ಸರಳತೆ, ವೆಚ್ಚದ ಮಿತವ್ಯಯ

ಹಿಂದೆ ಗ್ರಾಹಕರು ಬುತ್ತಿಯನ್ನು ತಾವೇ ತರುತ್ತಿದ್ದರು. ಮನೆಯವರು ದ್ರಾಕ್ಷಾರಸವನ್ನು ಮಾತ್ರ ಮಾರುತ್ತಿದ್ದರು. ಇಂದು ದೊರೆಯುವ ತಿನಿಸುಗಳೂ ಹಳ್ಳಿಯ ಬಗೆಯವೇ: ಕಪ್ಪು ರೊಟ್ಟಿ, ಅದರ ಮೇಲೆ ಸವರಿದ ಹಂದಿಯ ಕೊಬ್ಬು, ಗಿಣ್ಣಿಗೆ ಕೆಂಪು ಮೆಣಸಿನ ಪುಡಿ ಬೆರೆಸಿದ ‘ಲಿಪ್ಟಾವರ್’, ಹೊಗೆಯಲ್ಲಿ ಒಣಗಿಸಿದ ಮಾಂಸ, ಉಪ್ಪಿನಲ್ಲಿ ನೆನೆಸಿದ ಸೌತೆ. ಉದ್ದನೆಯ ಮರದ ಬೆಂಚುಗಳಲ್ಲಿ ಅಪರಿಚಿತರೂ ಒಟ್ಟಿಗೆ ಕುಳಿತು, ಕಾಲು ಲೀಟರ್ ಹಿಡಿಯುವ ಗಾಜಿನ ಲೋಟಗಳಲ್ಲಿ ಕುಡಿಯುತ್ತಾರೆ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟ. ಕೃಷಿಕನ, ತಯಾರಕನ ಮತ್ತು ಚಿಲ್ಲರೆ ಮಾರಾಟಗಾರನ ಮೂರೂ ಲಾಭಾಂಶಗಳು ಒಂದೇ ಮನೆಯಲ್ಲಿ ಉಳಿಯುತ್ತವೆ. ಸೀಸೆ, ಸಾಗಣೆ ಹಾಗೂ ದಲ್ಲಾಳಿಯ ಖರ್ಚು ತಗ್ಗುತ್ತದೆ. ಹಣ ಕೈಗೆ ಕೂಡಲೇ ಬರುವುದರಿಂದ ಬಾಕಿ ವಸೂಲಿಯ ಚಿಂತೆಯೂ ಇಲ್ಲ.

ವಿನಾಯಿತಿ ಮತ್ತು ಅದರ ಬೆಲೆ

ಆಸ್ಟ್ರಿಯಾದ 1994ರ ಉದ್ಯಮ ಕಾಯ್ದೆಯು ಬುಶೆನ್‌ಶಾಂಕ್ ಅನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಹೋಟೆಲು ಉದ್ಯಮದ ಪರವಾನಗಿ ಇಲ್ಲದೆಯೇ ಬೆಳೆಗಾರನು ಮಾರಬಹುದು. ಆದರೆ ಷರತ್ತುಗಳು ಕಠಿಣ: ಬಡಿಸುವ ದ್ರಾಕ್ಷಾರಸವು ಸ್ವಂತ ಬೆಳೆ, ಸ್ವಂತ ಉತ್ಪಾದನೆಯದಾಗಿರಬೇಕು, ಆಯಾ ಪ್ರಾಂತ್ಯದ ರೂಢಿಗೆ ಅನುಗುಣವಾಗಿ ತಣ್ಣನೆಯ ತಿನಿಸುಗಳನ್ನಷ್ಟೇ ನೀಡಬಹುದು, ಬಿಸಿ ಅಡುಗೆಗೆ ಈ ವಿನಾಯಿತಿಯಡಿ ಅವಕಾಶವಿಲ್ಲ. ನೆರೆಯ ಜರ್ಮನಿಯ ಇಂತಹದೇ ವ್ಯವಸ್ಥೆಯಲ್ಲಿ ಸಾಂಪ್ರದಾಯಿಕ ಮಿತಿಯೆಂದರೆ ವರ್ಷಕ್ಕೆ 4 ತಿಂಗಳು ಮತ್ತು 40 ಆಸನಗಳು.

ಇಲ್ಲಿಯೇ ಪ್ರತಿಯೊಂದು ಮನೆತನವೂ ಒಂದು ನಿರ್ಧಾರವನ್ನು ಎದುರಿಸಬೇಕಾಗುತ್ತದೆ. ಪ್ರವಾಸಿಗರು ಬಿಸಿ ಊಟ, ಬಿಯರ್, ಕಾಫಿ ಕೇಳುತ್ತಾರೆ. ಅವನ್ನು ಒದಗಿಸಿದರೆ ವಹಿವಾಟು ಬೆಳೆಯುತ್ತದೆ. ಜೊತೆಗೆ ಪರವಾನಗಿ, ಅಡುಗೆ ಮನೆ, ಸಿಬ್ಬಂದಿ, ವರ್ಷವಿಡೀ ಬಾಗಿಲು ತೆರೆದಿಡುವ ಹೊರೆ ಎಲ್ಲವೂ ಬರುತ್ತವೆ. ಆಗ ಆ ಮನೆಯು ಇತರ ನೂರು ಹೋಟೆಲುಗಳ ನಡುವೆ ಮತ್ತೊಂದಾಗುತ್ತದೆ. ಈ ದಾರಿ ಹಿಡಿದವರೂ ಅನೇಕರಿದ್ದಾರೆ. ಪರವಾನಗಿ ಪಡೆದ ಹೋಟೆಲುಗಳೂ ಇಂದು ಹೊಯ್ರಿಗರ್ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಮಿತಿಯೊಳಗೆ ಉಳಿಯುವುದೂ ನಿರಪಾಯವಲ್ಲ. 2016ರ ಏಪ್ರಿಲ್ ಅಂತ್ಯದ ಹಿಮಪಾತವು ಅನೇಕ ತೋಟಗಳ ಚಿಗುರನ್ನು ಸುಟ್ಟಿತು. ಸ್ವಂತ ಬೆಳೆಯನ್ನೇ ನಂಬಿದವನಿಗೆ ಇಳುವರಿಯ ನಷ್ಟವೆಂದರೆ ಮಾರಾಟದ ನಷ್ಟವೂ ಹೌದು.

ವಿಶ್ವಾಸವೆಂಬ ಬಂಡವಾಳ

1985ರಲ್ಲಿ ಆಸ್ಟ್ರಿಯಾದ ಕೆಲವು ಉತ್ಪಾದಕರು ದ್ರಾಕ್ಷಾರಸಕ್ಕೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕವನ್ನು ಬೆರೆಸಿದ್ದು ಬಯಲಾಯಿತು. ಕೆಲವರ ತಪ್ಪಿಗೆ ಇಡೀ ದೇಶದ ರಫ್ತು ಕುಸಿಯಿತು. ಅದೇ ವರ್ಷ ಕಟ್ಟುನಿಟ್ಟಿನ ಕಾನೂನು ಜಾರಿಗೆ ಬಂದಿತು. ಸೀಸೆಯ ಮೇಲಿನ ಚೀಟಿಯನ್ನು ನಂಬಿದ ದೂರದ ಗ್ರಾಹಕನಿಗೆ ಒಳ್ಳೆಯವರು ಯಾರೆಂದು ತಿಳಿಯುವ ದಾರಿಯಿರಲಿಲ್ಲ. ಅಂಗಳದಲ್ಲಿ ಬಡಿಸುವವನಾದರೋ ತನ್ನ ಸರಕಿಗೆ ತಾನೇ ಉತ್ತರದಾಯಿ.

ನಮ್ಮ ವರ್ತಕರಿಗೆ ಅನ್ವಯ

ಕರ್ನಾಟಕವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ರೂಪಿಸಿತು. ಆದರೂ ನಮ್ಮಲ್ಲಿ ದ್ರಾಕ್ಷಾರಸವು ಅಬಕಾರಿ ಪರವಾನಗಿಗೆ ಒಳಪಟ್ಟ ಸರಕು. ಆಸ್ಟ್ರಿಯಾದ ಪದ್ಧತಿಯನ್ನು ಹಾಗೆಯೇ ಅನುಸರಿಸಲಾಗದು. ಅನುಸರಿಸಬಹುದಾದುದು ಅದರ ತತ್ತ್ವ.

ಸರಕು ಮತ್ತು ಸೇವಾ ತೆರಿಗೆಯಡಿ ಕಾಂಪೋಸಿಷನ್ ಎಂದು ಕರೆಯುವ ರಾಜಿ ತೆರಿಗೆ ಪದ್ಧತಿಯು ಇದಕ್ಕೆ ಹತ್ತಿರದ ನಿದರ್ಶನ. ನಮ್ಮ ರಾಜ್ಯದಲ್ಲಿ ವಾರ್ಷಿಕ 1.5 ಕೋಟಿ ರೂಪಾಯಿವರೆಗೆ ವಹಿವಾಟುಳ್ಳ ಅರ್ಹ ತಯಾರಕನು ಶೇಕಡಾ 1ರಷ್ಟು ತೆರಿಗೆ ತೆತ್ತು ಲೆಕ್ಕಪತ್ರದ ಹೊರೆಯನ್ನು ಕಡಿಮೆ ಮಾಡಿಕೊಳ್ಳಬಹುದು. ಆದರೆ ಆತ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ, ಗ್ರಾಹಕನಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹೂಡುವಳಿ ತೆರಿಗೆಯ ಜಮೆಯನ್ನೂ ಪಡೆಯುವಂತಿಲ್ಲ.

ಆದ್ದರಿಂದ ಹೊರರಾಜ್ಯದ ಮೊದಲ ಆದೇಶವನ್ನು ಒಪ್ಪಿಕೊಳ್ಳುವ ಮುನ್ನ ಉದ್ಯಮಿಯು ಹೆಚ್ಚುವ ವಹಿವಾಟನ್ನಷ್ಟೇ ನೋಡದೆ, ಕಳೆದುಕೊಳ್ಳುವ ವಿನಾಯಿತಿ ಮತ್ತು ಹೊಸದಾಗಿ ಹೊರಬೇಕಾದ ವೆಚ್ಚವನ್ನು ಎದುರುಬದುರಾಗಿ ಬರೆದು ತೂಗಿ ನೋಡುವುದು ಲೇಸು. ಮಿತಿಯನ್ನು ದಾಟುವುದು ತಪ್ಪಲ್ಲ. ಲೆಕ್ಕ ಹಾಕದೆ ದಾಟುವುದು ತಪ್ಪು. ಆಸ್ಟ್ರಿಯಾದ ಬೆಳೆಗಾರನು ದಾಸ್ತಾನು ಮುಗಿದಾಗ ಕೊಂಬೆಯನ್ನು ಇಳಿಸಿ ತೋಟದ ಕೆಲಸಕ್ಕೆ ಮರಳುತ್ತಾನೆ. ತನ್ನ ಶಕ್ತಿಯ ಅಳತೆಯನ್ನು ಅರಿತು ನಡೆಸುವ ವ್ಯಾಪಾರಕ್ಕೆ ಆಯುಸ್ಸು ಹೆಚ್ಚು.