ರಜೆಯಲ್ಲಿ ತಲೆಗೂ ರಜೆ ಕೊಡೋದು ಹೇಗೆ?

ದಸರಾ ರಜೆಗೆ ಊರಿಗೆ ಹೋಗಿದ್ದೆ. “ಸಾರಿಗೆ ಉಪ್ಪು ಕಮ್ಮಿಯಾಯ್ತಾ ಮಗಾ?” ಅಂತ ಅಜ್ಜಿ ಎರಡು ಸಲ ಕೇಳಿದ್ರಂತೆ. ನಂಗೆ ಕೇಳಿಸ್ಲೇ ಇಲ್ಲ. ತಲೆ ತುಂಬಾ ಅರ್ಧಕ್ಕೆ ಬಿಟ್ಟು ಬಂದ ಮಿನಿ ಪ್ರಾಜೆಕ್ಟ್ ಕೋಡ್.

ಇದಕ್ಕೆ ಝೈಗಾರ್ನಿಕ್ ಪರಿಣಾಮ ಅಂತಾರೆ. ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಸಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸವೇ ಜನರಿಗೆ ಹೆಚ್ಚು ನೆನಪಿತ್ತು. (ಬ್ಯಾಕ್‌ಗ್ರೌಂಡಲ್ಲಿ ಆ್ಯಪ್ ಓಡ್ತಾ ಇದ್ದ ಹಾಗೆ.) ಹಾಗಾದ್ರೆ ಎಲ್ಲಾ ಮುಗಿಸಿಯೇ ಬಸ್ ಹತ್ತಬೇಕಾ? ಬೇಡ. ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡ್ತೀನಿ ಅಂತ ಸ್ಪಷ್ಟವಾಗಿ ಪ್ಲಾನ್ ಮಾಡಿಟ್ಟರೂ ಅದು ತಲೆ ಕೊರೆಯೋದು ಕಡಿಮೆಯಾಗುತ್ತೆ ಅಂತ ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದರು.

ದೀಪಾವಳಿಗೆ ಹೊರಡೋ ಮುಂಚೆ ಚೀಟಿ ಬರೆದೆ: “ಸೋಮವಾರ 9 ಗಂಟೆ, ಲ್ಯಾಬ್, ಎರಡನೇ ಲೂಪ್‌ನಿಂದ ಶುರು.” ಅದನ್ನ ಹಾಸ್ಟೆಲ್ ಮೇಜಿನ ಮೇಲೇ ಬಿಟ್ಟು ಹೋದೆ. ಈ ಸಲ ಅಜ್ಜಿ ಹತ್ರ ಹೋಳಿಗೆ ತಟ್ಟೋದು ಕಲಿತೆ. ಒಂದೂ ದುಂಡಗೆ ಬರಲಿಲ್ಲ.